ಕಣ್ಣಗೂಡಿನ ಗಡ್ಡೆ: ರೋಣ ಸೀಮೆಯ ಮಕ್ಕಳಿಗೆ ಕತ್ತರಿ ಯಾವಾಗ, ಎಷ್ಟು?

ಮೊದಲು ಒಂದು ಲೆಕ್ಕ. 2011ರ ಜನಗಣತಿಯ ಪ್ರಕಾರ ಗದಗ ಜಿಲ್ಲೆಯ ಜನಸಂಖ್ಯೆ 10,64,570. ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 17 ಹೆರಿಗೆ ಎಂದು ಹಿಡಿದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹದಿನೆಂಟು ಸಾವಿರ ಕೂಸು ಹುಟ್ಟುತ್ತವೆ. ಮಕ್ಕಳ ಕಣ್ಣಿನ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವ ರೆಟಿನೊಬ್ಲಾಸ್ಟೋಮಾ ಬರುವುದು ಹದಿನೈದರಿಂದ ಹದಿನೆಂಟು ಸಾವಿರ ಜನನಕ್ಕೆ ಒಂದರಂತೆ. ಅಂದರೆ ಇಡೀ ಜಿಲ್ಲೆಗೆ ವರ್ಷಕ್ಕೊಂದು ಮಗು. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲ್ಲೂಕು ಕೂಡಿದರೆ ಜಿಲ್ಲೆಯ ಮೂರನೇ ಒಂದು ಪಾಲು ಜನ. ಹಾಗಾದರೆ ಇಲ್ಲಿ ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ ಒಂದು ಮನೆಗೆ ಈ ರೋಗ ಬರುತ್ತದೆ. ಇದು ಅಂದಾಜಿನ ಲೆಕ್ಕ. ಒಂದು ವರ್ಷ ಎರಡು ಬರಬಹುದು, ಐದು ವರ್ಷ ಒಂದೂ ಬಾರದೆ ಇರಬಹುದು.

ಈ ವಿರಳತೆಯೇ ಇಲ್ಲಿ ದೊಡ್ಡ ತೊಡಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೊಬ್ಬರು ಸೇವೆಗೆ ಸೇರಿದಾಗಿನಿಂದ ನಿವೃತ್ತಿಯವರೆಗೆ ಇಂಥ ಒಂದು ಮಗುವನ್ನೂ ನೋಡದೆ ಇರಬಹುದು. ಆಶಾ ಕಾರ್ಯಕರ್ತೆಯಂತೂ ಹೆಸರನ್ನೇ ಕೇಳಿರುವುದಿಲ್ಲ. ನೋಡದೆ ಇದ್ದದ್ದನ್ನು ಗುರುತಿಸುವುದು ಹೇಗೆ? ಕಣ್ಣಗೂಡಿನ ಗಡ್ಡೆಗಳ ಶಸ್ತ್ರಚಿಕಿತ್ಸೆಯ ಬಗ್ಗೆ ಓದುತ್ತ ಹೋದಂತೆಲ್ಲ ನನಗೆ ಗಟ್ಟಿಯಾದ ಮಾತು ಇದು: ಶಸ್ತ್ರಚಿಕಿತ್ಸೆ ಎಷ್ಟು ದೊಡ್ಡದಾಗಬೇಕು ಎಂಬುದು ಬಹುಪಾಲು ಊರಲ್ಲೇ ತೀರ್ಮಾನವಾಗಿರುತ್ತದೆ. ಬೆಂಗಳೂರಿನ ಶಸ್ತ್ರಚಿಕಿತ್ಸಕರ ಕೈಗೆ ಮಗು ಬರುವ ಹೊತ್ತಿಗೆ ಅವರಿಗೆ ಉಳಿದಿರುವ ಆಯ್ಕೆಗಳು ಕೆಲವೇ.

ಕಣ್ಣು ಕೂತಿರುವ ಎಲುಬಿನ ಗೂಡನ್ನು ಈ ಕಪ್ಪುಮಣ್ಣಿನ ಸೀಮೆಯ ಹಳೆಯ ಹಗೇವಿಗೆ, ನೆಲದೊಳಗೆ ಕಾಳು ತುಂಬಿಡುವ ಗುಂಡಿಗೆ, ಹೋಲಿಸಬಹುದು. ಬಾಯಿ ತುಸು ಕಿರಿದು, ಒಳಗೆ ಸ್ವಲ್ಪ ಅಗಲ. ಬಾಯಲ್ಲಿ ಇಣುಕಿದರೆ ಒಳಗಿನದು ತಿಳಿಯುವುದಿಲ್ಲ. ಏಳು ಎಲುಬು ಸೇರಿ ಆದ ಈ ಗೂಡು ಹಿಂದಕ್ಕೆ ಹೋಗುತ್ತ ಮೊನಚಾಗುತ್ತದೆ. ದೊಡ್ಡವರಲ್ಲೂ ಅದರ ಒಟ್ಟು ಅಳತೆ ಸುಮಾರು 30 ಮಿಲಿಲೀಟರು, ಆಳ ನಾಲ್ಕೂವರೆ ಸೆಂಟಿಮೀಟರಿನೊಳಗೆ. ಅಷ್ಟರಲ್ಲೇ ಕಣ್ಣುಗುಡ್ಡೆ, ಅದನ್ನು ಹೊರಳಿಸುವ ಆರು ಸ್ನಾಯು, ದೃಷ್ಟಿನರ, ರಕ್ತನಾಳ, ಕಣ್ಣೀರಿನ ಗ್ರಂಥಿ, ಕೊಬ್ಬು. ಮೇಲೆ ಮಿದುಳು, ಒಳಬದಿಗೆ ಮತ್ತು ಕೆಳಗೆ ಮೂಗಿನ ಪಕ್ಕದ ಗಾಳಿಗೂಡುಗಳು. ಎಲುಬು ಹಿಗ್ಗುವುದಿಲ್ಲವಾದ್ದರಿಂದ ಒಳಗೆ ಏನು ಬೆಳೆದರೂ ಕಣ್ಣು ಮುಂದಕ್ಕೆ ಬರಲೇಬೇಕು. ಊರಲ್ಲಿ ‘ಕಣ್ಣು ಹೊರಗ ಬಂದೈತಿ’ ಎನ್ನುವುದು ಇದಕ್ಕೇ.

ಹಾಗೆ ಹೊರಬಂದ ಕಣ್ಣೆಲ್ಲ ಕ್ಯಾನ್ಸರಲ್ಲ, ಎಲ್ಲದಕ್ಕೂ ಕತ್ತರಿ ಬೇಕಿಲ್ಲ. ಮಕ್ಕಳಲ್ಲಿ ಕಾಣುವ ಗಡ್ಡೆಗಳಲ್ಲಿ ಹೆಚ್ಚಿನವು ಸಾಧು ಗಡ್ಡೆಗಳು. ಹುಬ್ಬಿನ ಹೊರತುದಿಯಲ್ಲಿ, ಎರಡು ಎಲುಬು ಕೂಡುವ ಜಾಗದಲ್ಲಿ, ಗೋಲಿಯಷ್ಟು ನುಣ್ಣನೆಯ ಗಂಟು ಹುಟ್ಟಿನಿಂದ ಇದ್ದರೆ ಅದು ಸಾಮಾನ್ಯವಾಗಿ ಡರ್ಮಾಯ್ಡ್ ಚೀಲ. ಶಾಲೆಗೆ ಸೇರುವ ಮುಂಚೆ ಅದನ್ನು ರೆಪ್ಪೆಯ ಮಡಿಕೆಯಲ್ಲೋ ಹುಬ್ಬಿನ ಅಂಚಿನಲ್ಲೋ ಸಣ್ಣ ಗೆರೆ ಎಳೆದು, ಒಡೆಯದಂತೆ ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ. ಒಡೆದರೆ ಒಳಗಿನ ಜಿಡ್ಡು ಹರಡಿ ಬಾವು ಬರುತ್ತದೆ, ಗಂಟು ಮರುಕಳಿಸುತ್ತದೆ. ಕೆಲವೊಮ್ಮೆ ಮೇಲೆ ಕಾಣುವುದು ಅರ್ಧವೇ. ಉಳಿದರ್ಧ ಎಲುಬನ್ನು ಕೊರೆದು ಆಚೆ ಬದಿಗೆ ಚಾಚಿರುತ್ತದೆ. ಅದಕ್ಕೇ ಸಂದೇಹ ಇದ್ದಲ್ಲಿ ಸ್ಕ್ಯಾನ್ ಆಗದೆ ಮುಟ್ಟಬಾರದು.

ಇನ್ನೊಂದು ಬಗೆ, ರಕ್ತನಾಳಗಳ ಕೆಂಪು ಗಂಟು: ಹೆಮಾಂಜಿಯೋಮಾ. ಹುಟ್ಟಿದ ಕೆಲವು ವಾರಕ್ಕೆ ಕಾಣಿಸಿ, ಮೊದಲ ವರ್ಷ ಸರಸರನೆ ಬೆಳೆದು, ಆಮೇಲೆ ವರ್ಷಗಳುದ್ದಕ್ಕೂ ತಾನಾಗಿ ಕರಗುತ್ತ ಹೋಗುತ್ತದೆ. ಆದರೆ ಅದು ರೆಪ್ಪೆಯನ್ನು ಇಳಿಸಿ ಕಣ್ಣು ಮುಚ್ಚಿಬಿಟ್ಟರೆ, ಆ ಕಣ್ಣು ನೋಡುವುದನ್ನೇ ಕಲಿಯದೆ ಮಂದವಾಗುತ್ತದೆ. ಹಿಂದೆ ಸ್ಟೀರಾಯ್ಡ್ ಚುಚ್ಚುತ್ತಿದ್ದರು, ಇಲ್ಲವೆ ರಕ್ತಕ್ಕೆ ಹೆದರುತ್ತಲೇ ಕೊಯ್ಯುತ್ತಿದ್ದರು. 2008ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಬೇರೊಂದು ವಿಷಯ ಬೆಳಕಿಗೆ ಬಂತು. ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಕೊಟ್ಟ ಮಗುವಿನ ಗಂಟು ಕಣ್ಣೆದುರಿಗೇ ಬಣ್ಣಗೆಟ್ಟು ಮೆತ್ತಗಾಯಿತು. ಬಿ.ಪಿ.ಗೆ ಕೊಡುವ ಹಳೆಯ, ಅಗ್ಗದ ಔಷಧಿ. ಇವತ್ತು ಇಂಥ ಹೆಚ್ಚಿನ ಮಕ್ಕಳಿಗೆ ಅದೇ ಮೊದಲ ಚಿಕಿತ್ಸೆ. ಮಗುವಿನ ತೂಕ, ನಾಡಿ, ರಕ್ತದ ಸಕ್ಕರೆ ನೋಡಿ ವೈದ್ಯರೇ ಶುರುಮಾಡಬೇಕು. ಅಂಗಡಿಯಿಂದ ತಂದು ಅರ್ಧ ಮಾತ್ರೆ ತೇದು ಕುಡಿಸುವಂಥದ್ದಲ್ಲ.

ಕತ್ತರಿಯನ್ನು ತಡೆದು ನಿಲ್ಲಿಸಬೇಕಾದ ಸಂದರ್ಭಗಳೂ ಉಂಟು. ಬಿಳಿಚಿದ ಮಗು, ಒಸಡಲ್ಲಿ ರಕ್ತ, ಜ್ವರ, ಅದರ ಜೊತೆ ಒಂದೋ ಎರಡೋ ಕಣ್ಣು ಹೊರಬರುತ್ತಿದ್ದರೆ ಅದು ರಕ್ತದ ಕ್ಯಾನ್ಸರು ಕಣ್ಣಗೂಡಿಗೆ ಇಳಿದದ್ದಿರಬಹುದು. ಅಲ್ಲಿ ಮೊದಲು ಬೇಕಾದದ್ದು ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲೂ ಆಗುವ ಒಂದು ಹನಿ ರಕ್ತದ ಪರೀಕ್ಷೆ. ಕಣ್ಣಿನ ಸುತ್ತ ಏಟು ಬಿದ್ದಂತೆ ಕಪ್ಪಗಾಗಿ, ಹೊಟ್ಟೆಯಲ್ಲಿ ಗಂಟು ಸಿಕ್ಕರೆ ನ್ಯೂರೋಬ್ಲಾಸ್ಟೋಮಾ ನೆನಪಾಗಬೇಕು. ಲಾಡಿಹುಳುವಿನ ಮರಿ ಕಣ್ಣಿನ ಸ್ನಾಯುವಿನೊಳಗೆ ಚೀಲ ಕಟ್ಟಿ ಕೂತಿದ್ದರೆ ಅದು ಅಲ್ಟ್ರಾಸೌಂಡಿನಲ್ಲೇ ಕಾಣುತ್ತದೆ. ಅದಕ್ಕೆ ಆಲ್ಬೆಂಡಜೋಲ್ ಮತ್ತು ಸ್ಟೀರಾಯ್ಡ್ ಸಾಕು. ಮೈಮೇಲೆ ಕಾಫಿ ಬಣ್ಣದ ಮಚ್ಚೆ ಆರೋ ಹೆಚ್ಚೋ ಇರುವ ಮಗುವಿನ ಕಣ್ಣು ನಿಧಾನವಾಗಿ ಮುಂದೆ ಬಂದರೆ ದೃಷ್ಟಿನರದ ಗ್ಲಯೋಮಾ ಇರಬಹುದು. ಅದನ್ನು ಎಷ್ಟೋ ಸಲ ಸುಮ್ಮನೆ ಕಾಯುತ್ತ ನೋಡುತ್ತಾರೆ, ಬೆಳೆದರೆ ಕಿಮೋ ಕೊಡುತ್ತಾರೆ. ದೃಷ್ಟಿ ಪೂರ್ತಿ ಹೋಗಿ ಕಣ್ಣು ತೀರ ಹೊರಬಂದಾಗ ಮಾತ್ರ ಕೊಯ್ಯುವ ಮಾತು.

ಕೊಯ್ಯಲೇಬೇಕಾದಾಗ ಗೂಡಿನೊಳಗೆ ಹೋಗುವ ದಾರಿ ಯಾವುದು ಎಂಬುದಕ್ಕೂ ಒಂದು ಇತಿಹಾಸ ಇದೆ. 1583ರಲ್ಲಿ ಜರ್ಮನಿಯ ಗೇಯೋರ್ಗ್ ಬಾರ್ಟಿಷ್ ತನ್ನ ಪುಸ್ತಕದಲ್ಲಿ ವರ್ಣಿಸಿದ್ದು ಕಣ್ಣು, ಸ್ನಾಯು, ಕೊಬ್ಬು ಎಲ್ಲವನ್ನೂ ಗೂಡಿನಿಂದ ಬಳಿದು ತೆಗೆಯುವ ಕ್ರಮ. ಆಗ ಅರಿವಳಿಕೆಯೇ ಇರಲಿಲ್ಲ. ಕಣ್ಣು ಉಳಿಸಿಕೊಂಡು ಹಿಂದಿನ ಗಡ್ಡೆಯನ್ನಷ್ಟೇ ತೆಗೆಯಲು 1888ರಲ್ಲಿ ಜ್ಯೂರಿಕ್‌ನ ಕ್ರೋನ್‌ಲೈನ್ ಹೊರಬದಿಯ ಎಲುಬನ್ನು ಬಾಗಿಲಿನಂತೆ ತೆರೆದು ಮತ್ತೆ ಮುಚ್ಚುವ ದಾರಿ ತೋರಿಸಿದರು. 1941ರಲ್ಲಿ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ತಲೆಬುರುಡೆಯ ಮೂಲಕ ಮೇಲಿನಿಂದ ಇಳಿಯುವ ದಾರಿಯ ಬಗ್ಗೆ ಬರೆದರು. ಈಗ ಒಳಬದಿಯ ಗಡ್ಡೆಗೆ ಮೂಗಿನ ಮೂಲಕ ಎಂಡೋಸ್ಕೋಪ್ ಹೋಗುತ್ತದೆ. ಕೆಳಗಿನದಕ್ಕೆ ರೆಪ್ಪೆಯ ಒಳಮೈಯಲ್ಲೇ ಗೆರೆ ಎಳೆಯುತ್ತಾರೆ, ಹೊರಗೆ ಕಲೆ ಕಾಣುವುದಿಲ್ಲ.

ಕತ್ತರಿ ಹಿಂದೆ ಸರಿದದ್ದು ಸ್ಪಷ್ಟವಾಗಿ ಕಾಣುವುದು ರ‍್ಯಾಬ್ಡೊಮಯೊಸಾರ್ಕೋಮಾದಲ್ಲಿ. ಕಣ್ಣಗೂಡಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವುದು ಇದು, ಸಾಮಾನ್ಯವಾಗಿ ಏಳೆಂಟರ ವಯಸ್ಸಿಗೆ. ಆಟ ಆಡಿಕೊಂಡಿದ್ದ ಮಗುವಿನ ಕಣ್ಣು ಎರಡು ಮೂರು ವಾರದಲ್ಲಿ ಹೊರಬಂದು ಕೆಳಕ್ಕೆ ಜಾರುತ್ತದೆ. ಮನೆಯವರಿಗೆ ಯಾವುದೋ ಏಟು ನೆನಪಾಗುತ್ತದೆ, ಆಟದ ಬಯಲಲ್ಲಿ ಬಿದ್ದದ್ದು, ಚೆಂಡು ತಾಗಿದ್ದು. ವೈದ್ಯರಿಗೆ ಸೋಂಕಿನ ಬಾವು ಎನಿಸುತ್ತದೆ. ಒಂದು ವಾರ ಆಂಟಿಬಯಾಟಿಕ್, ಇನ್ನೊಂದು ವಾರ ಬೇರೆ ಆಂಟಿಬಯಾಟಿಕ್. ಐವತ್ತು ಅರವತ್ತು ವರ್ಷದ ಹಿಂದೆ ಇದಕ್ಕೆ ಇಡೀ ಗೂಡನ್ನೇ ಬರಿದು ಮಾಡುತ್ತಿದ್ದರು. ಆದರೂ ಮೂರರಲ್ಲಿ ಒಂದು ಮಗು ಉಳಿದರೆ ಹೆಚ್ಚು. 1972ರಲ್ಲಿ ಅಮೆರಿಕದಲ್ಲಿ ಹಲವು ಆಸ್ಪತ್ರೆಗಳು ಸೇರಿ ಶುರುಮಾಡಿದ ಅಧ್ಯಯನಗಳ ನಂತರ ಶಸ್ತ್ರಚಿಕಿತ್ಸಕನ ಪಾಲಿಗೆ ಉಳಿದದ್ದು ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸುವುದು, ಸುಲಭವಾಗಿ ಬರುವಷ್ಟನ್ನು ತೆಗೆಯುವುದು. ಉಳಿದ ಕೆಲಸ ವಿನ್‌ಕ್ರಿಸ್ಟಿನ್, ಆಕ್ಟಿನೋಮೈಸಿನ್, ಸೈಕ್ಲೊಫಾಸ್ಫಮೈಡ್ ಮತ್ತು ವಿಕಿರಣದ್ದು. ಗಡ್ಡೆ ಗೂಡಿನೊಳಗೇ ಇದ್ದಾಗ ಈಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ, ಹೆಚ್ಚಿನವರು ಕಣ್ಣನ್ನೂ ಉಳಿಸಿಕೊಳ್ಳುತ್ತಾರೆ. ಈ ಪ್ರಮಾಣ ಚಿಕಿತ್ಸೆ ಮುಗಿಸಿದವರದ್ದು. ನಡುವೆ ಬಿಟ್ಟು ಊರಿಗೆ ಬಂದವರದ್ದಲ್ಲ.

ಇನ್ನು ರೆಟಿನೊಬ್ಲಾಸ್ಟೋಮಾ. ಇದು ಹುಟ್ಟುವುದು ಗೂಡಿನಲ್ಲಲ್ಲ, ಕಣ್ಣುಗುಡ್ಡೆಯ ಒಳಪದರದಲ್ಲಿ. ಸಮಯಕ್ಕೆ ಸಿಕ್ಕರೆ ಅಲ್ಲೇ ಮುಗಿಯುವ ರೋಗ. ಬಿಟ್ಟರೆ ಕಣ್ಣಿನ ಗೋಡೆ ತೂರಿ, ಇಲ್ಲವೆ ದೃಷ್ಟಿನರದ ಜಾಡು ಹಿಡಿದು ಗೂಡಿಗೆ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಗೂಡಿಗೆ ಬಂದ ರೆಟಿನೊಬ್ಲಾಸ್ಟೋಮಾವನ್ನು ವೈದ್ಯರು ನೋಡುವುದೇ ಅಪರೂಪ. 2020ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು 153 ದೇಶಗಳ 4,351 ಮಕ್ಕಳ ವಿವರ ಕಲೆಹಾಕಿತು. ರೋಗ ಪತ್ತೆಯಾದ ವಯಸ್ಸು ಶ್ರೀಮಂತ ದೇಶಗಳಲ್ಲಿ ನಡುಮಟ್ಟಕ್ಕೆ 14 ತಿಂಗಳು, ಬಡದೇಶಗಳಲ್ಲಿ 30 ತಿಂಗಳು. ಪತ್ತೆಯಾಗುವ ಹೊತ್ತಿಗೆ ಕಣ್ಣಿನಾಚೆ ಹಬ್ಬಿದ್ದು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಒಂದೂವರೆ, ಬಡದೇಶಗಳಲ್ಲಿ ಸುಮಾರು ನಲವತ್ತೊಂಬತ್ತು. ರೋಗ ಒಂದೇ, ಹದಿನಾರು ತಿಂಗಳ ಅಂತರ ಮಾಡಿದ್ದು ಇಷ್ಟು. ಭಾರತ ಈ ಎರಡರ ನಡುವೆ ಎಲ್ಲೋ ಇದೆ, ಮತ್ತು ಭಾರತದೊಳಗೆ ಬೆಂಗಳೂರಿಗೂ ಗಜೇಂದ್ರಗಡದ ಗುಡ್ಡದ ಬದಿಯ ತಾಂಡಾಕ್ಕೂ ಅಂಥದೇ ಅಂತರ ಇರುವುದು ಊಹಿಸಲು ಕಷ್ಟವಲ್ಲ.

ಮೊದಲ ಕುರುಹನ್ನು ನೋಡುವವರು ಮನೆಯವರೇ. ಸಂಜೆಯ ಮಬ್ಬು ಬೆಳಕಿನಲ್ಲಿ, ಇಲ್ಲವೆ ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ, ಕಣ್ಣಪಾಪೆ ಬಿಳಿಯಾಗಿ ಹೊಳೆಯುತ್ತದೆ. ‘ಕೂಸಿನ ಕಣ್ಣು ಬೆಕ್ಕಿನ ಕಣ್ಣಿನಂಗ ಹೊಳಿತೈತಿ ನೋಡವಾ’ ಎಂದು ಅಜ್ಜಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇನ್ನು ಕೆಲವರಿಗೆ ಮೊದಲು ಕಾಣುವುದು ಮೆಳ್ಳೆಗಣ್ಣು. ಅದು ಅದೃಷ್ಟದ ಗುರುತು ಎನ್ನುವವರೂ ಇದ್ದಾರೆ, ದೊಡ್ಡವನಾದರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ನೋವಿಲ್ಲ, ಅಳುವಿಲ್ಲ, ಮಗು ಉಂಡುಟ್ಟು ಆಡಿಕೊಂಡಿದೆ. ಬಿತ್ತನೆ, ಸುಗ್ಗಿ, ಗುಳೆ, ಇವುಗಳ ನಡುವೆ ನೋವಿಲ್ಲದ ಕಣ್ಣಿಗೆ ಒಂದು ದಿನದ ಕೂಲಿ ಬಿಟ್ಟು ಯಾರು ಹೋಗುತ್ತಾರೆ?

ಹೋದರೂ ಒಂದು ಅಪಾಯ ಕಾದಿದೆ, ಮತ್ತು ಅದು ನಮ್ಮ ಕಡೆಯ ಒಂದು ಒಳ್ಳೆಯ ಪರಂಪರೆಯಿಂದಲೇ ಬಂದದ್ದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದರು. ಛತ್ರ, ಶಾಲೆ, ಮಠದ ಅಂಗಳಗಳಲ್ಲಿ ಸಾಲಾಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವರನ್ನು ಕಂಡ ಹಿರಿಯರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ಆ ಶಿಬಿರಗಳು ಕಲಿಸಿದ ಪಾಠ: ಕಣ್ಣಪಾಪೆ ಬೆಳ್ಳಗಾದರೆ ಪೊರೆ, ಪೊರೆಯಾದರೆ ಆಪರೇಶನ್, ಆಪರೇಶನ್ ಆದರೆ ನೋಟ. ಅಜ್ಜನ ಕಣ್ಣಿಗೆ ಇದು ಸರಿ. ಎರಡು ವರ್ಷದ ಮೊಮ್ಮಗನ ಕಣ್ಣಿಗೆ ಇದೇ ಪಾಠ ಹಚ್ಚಿದರೆ ಅನಾಹುತ. ಮಕ್ಕಳಿಗೂ ಹುಟ್ಟುಪೊರೆ ಬರುತ್ತದೆ, ನಿಜ. ಆದರೆ ಒಳಗೆ ರೆಟಿನೊಬ್ಲಾಸ್ಟೋಮಾ ಇರುವ ಕಣ್ಣನ್ನು ಪೊರೆಯೆಂದು ತೆರೆದರೆ, ಇಲ್ಲವೆ ಪರೀಕ್ಷೆಗೆಂದು ಸೂಜಿ ಚುಚ್ಚಿದರೆ, ಕಣ್ಣಿನೊಳಗೆ ಬಂದಿಯಾಗಿದ್ದ ಕ್ಯಾನ್ಸರು ಗೂಡಿಗೆ ದಾರಿ ಕಂಡುಕೊಳ್ಳುತ್ತದೆ. ಬೇರೆ ಅಂಗಗಳ ಹೆಚ್ಚಿನ ಗಡ್ಡೆಗಳಿಗೆ ಬಯಾಪ್ಸಿ ಮೊದಲು; ಇದಕ್ಕೆ ಅದು ನಿಷಿದ್ಧ. ಅರಿವಳಿಕೆ ಕೊಟ್ಟು ಪಾಪೆ ಹಿಗ್ಗಿಸಿ ನೋಡುವುದು, ಅಲ್ಟ್ರಾಸೌಂಡಿನಲ್ಲಿ ಸುಣ್ಣದ ಕಣ ಹುಡುಕುವುದು, ಎಂ.ಆರ್.ಐ. ಮಾಡಿಸುವುದು, ಇಷ್ಟರಲ್ಲೇ ರೋಗ ನಿರ್ಧಾರವಾಗಬೇಕು. ಸಿ.ಟಿ. ಸ್ಕ್ಯಾನನ್ನು ಆದಷ್ಟು ದೂರವಿಡುತ್ತಾರೆ, ಏಕೆಂದರೆ ಈ ಮಕ್ಕಳಲ್ಲಿ ಕೆಲವರಿಗೆ ವಿಕಿರಣದಿಂದ ಮುಂದೆ ಇನ್ನೊಂದು ಕ್ಯಾನ್ಸರು ಬರುವ ಅಪಾಯ ಹೆಚ್ಚು.

ಗಡ್ಡೆ ಚಿಕ್ಕದಿದ್ದರೆ ಲೇಸರು, ಶೈತ್ಯ, ಕಿಮೋ; ಈಗ ಕಣ್ಣಿನ ರಕ್ತನಾಳದೊಳಗೇ ಔಷಧಿ ಬಿಡುವ ವಿಧಾನವೂ ಇದೆ. ಗಡ್ಡೆ ಕಣ್ಣಿನ ತುಂಬ ಬೆಳೆದು ನೋಟ ಉಳಿಯುವ ಭರವಸೆ ಇಲ್ಲದಾಗ ಕಣ್ಣುಗುಡ್ಡೆಯನ್ನು ತೆಗೆಯುತ್ತಾರೆ. ಕೇಳಿದರೆ ಎದೆ ನಡುಗುವ ಮಾತು. ನಡೆಯುವ ಕೆಲಸ ಮಾತ್ರ ಅಚ್ಚುಕಟ್ಟು, ಸುಮಾರು ಒಂದು ತಾಸಿನದು. ಮಗು ಪೂರ್ತಿ ಅರಿವಳಿಕೆಯಲ್ಲಿರುತ್ತದೆ. ಕಣ್ಣಿನ ಬಿಳಿಭಾಗದ ಮೇಲಿನ ತೆಳುಪೊರೆಯನ್ನು ಸುತ್ತ ಬಿಡಿಸಿ, ಸ್ನಾಯುಗಳನ್ನು ಒಂದೊಂದಾಗಿ ಕೊಕ್ಕೆಯಲ್ಲಿ ಎತ್ತಿ ದಾರ ಹಾಕಿ ಕತ್ತರಿಸುತ್ತಾರೆ. ಕೊನೆಗೆ ಬಾಗಿದ ಕತ್ತರಿಯನ್ನು ಕಣ್ಣಿನ ಹಿಂದಕ್ಕೆ ಇಳಿಸಿ ದೃಷ್ಟಿನರವನ್ನು ಆದಷ್ಟು ಹಿಂದೆ, ಸಾಧ್ಯವಾದರೆ 15 ಮಿಲಿಮೀಟರಿಗಿಂತ ಉದ್ದ ಸಿಗುವಂತೆ, ಕತ್ತರಿಸುತ್ತಾರೆ. ಇಡೀ ಶಸ್ತ್ರಚಿಕಿತ್ಸೆಯ ಜಾಣ್ಮೆ ಇರುವುದು ಈ ಉದ್ದದಲ್ಲಿ ಮತ್ತು ಕಣ್ಣಿಗೆ ಒಂದು ಚುಚ್ಚೂ ಆಗದಂತೆ ನೋಡಿಕೊಳ್ಳುವುದರಲ್ಲಿ. ಖಾಲಿಯಾದ ಜಾಗಕ್ಕೆ ಒಂದು ಗೋಲಿ ಇಟ್ಟು, ಸ್ನಾಯುಗಳನ್ನು ಮತ್ತೆ ಹೊಲಿದು, ಪದರ ಪದರವಾಗಿ ಮುಚ್ಚುತ್ತಾರೆ. ಗೋಲಿ ಬರೀ ಅಂದಕ್ಕಲ್ಲ: ಮಗುವಿನ ಕಣ್ಣಗೂಡು ಬೆಳೆಯುವುದು ಒಳಗಿನ ತುಂಬುಗೆಯ ಒತ್ತಡದಿಂದ, ಖಾಲಿ ಬಿಟ್ಟರೆ ಆ ಬದಿಯ ಮುಖವೇ ಕಿರಿದಾಗಿ ಉಳಿಯುತ್ತದೆ. ಆರು ವಾರದ ನಂತರ ಇನ್ನೊಂದು ಕಣ್ಣಿನ ಬಣ್ಣಕ್ಕೆ ಹೊಂದಿಸಿದ ಕೃತಕ ಕಣ್ಣು ಕೂರಿಸುತ್ತಾರೆ. ಮಗು ಬೆಳೆದಂತೆ ಅದನ್ನು ಬದಲಿಸುತ್ತಿರಬೇಕು.

ತೆಗೆದ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವ ವರದಿಯನ್ನು ಮನೆಯವರು ಅಲಕ್ಷಿಸುತ್ತಾರೆ. ಆಪರೇಶನ್ ಆಯಿತಲ್ಲ, ಇನ್ನೇನು? ಆದರೆ ದೃಷ್ಟಿನರದೊಳಗೆ, ಕಣ್ಣಿನ ಗೋಡೆಯೊಳಗೆ ಕ್ಯಾನ್ಸರು ಎಷ್ಟು ನುಗ್ಗಿದೆ ಎಂಬುದು ತಿಳಿಯುವುದು ಅಲ್ಲೇ. ಈಗ ಹೈದರಾಬಾದಿನಲ್ಲಿರುವ ಡಾ. ಸಂತೋಷ್ ಹೊನಾವರ ಮತ್ತು ಫಿಲಡೆಲ್ಫಿಯಾದ ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಅಪಾಯದ ಗುರುತು ಇದ್ದ ಮಕ್ಕಳಿಗೆ ಕಿಮೋ ಕೊಡದಿದ್ದಾಗ ನೂರಕ್ಕೆ 24 ಜನರಲ್ಲಿ ರೋಗ ಮೈಗೆ ಹರಡಿತು, ಕೊಟ್ಟಾಗ 4 ಜನರಲ್ಲಿ. ಆ ಒಂದು ಹಾಳೆ ತಂದು ತೋರಿಸದೆ ಊರಿಗೆ ಹೋಗುವುದರ ಬೆಲೆ ಇಷ್ಟು.

ಗೂಡಿಗೇ ಹಬ್ಬಿ, ಕಣ್ಣು ಹೊರಗೆ ಬಂದ ಮೇಲೆ ಬಂದ ಮಗುವಿಗೂ ಈಗ ಬಾಗಿಲು ಮುಚ್ಚಿಲ್ಲ. ಹಿಂದೆ ನೇರ ಗೂಡು ಬರಿದು ಮಾಡುತ್ತಿದ್ದರು. ಬಹುಪಾಲು ಮಕ್ಕಳು ಉಳಿಯುತ್ತಿರಲಿಲ್ಲ. ಈಗ ಮೊದಲು ಹೆಚ್ಚು ಪ್ರಮಾಣದ ಕಿಮೋ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಕಣ್ಣು ತೆಗೆದು, ಗೂಡಿಗೆ ವಿಕಿರಣ ಕೊಟ್ಟು, ಒಟ್ಟು ಹನ್ನೆರಡು ಸುತ್ತಿನವರೆಗೆ ಕಿಮೋ ಮುಂದುವರಿಸುತ್ತಾರೆ. ಭಾರತದ ವೈದ್ಯರಿಗೆ ಇಂಥ ಮಕ್ಕಳು ಹೆಚ್ಚು ಬರುವುದರಿಂದ ಈ ಕ್ರಮವನ್ನು ರೂಪಿಸುವುದರಲ್ಲಿ ಅವರ ಪಾಲು ದೊಡ್ಡದು. ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದ ಪರಿಣತಿ ಇದು.

ಹನ್ನೆರಡು ಸುತ್ತು ಎಂದರೆ ಮೂರು ನಾಲ್ಕು ವಾರಕ್ಕೊಮ್ಮೆ ಪಯಣ. ನರಗುಂದದವರು ನವಲಗುಂದದ ಮೇಲೆ ನೇರ ಹುಬ್ಬಳ್ಳಿಗೆ ಹೋಗುತ್ತಾರೆ. ಗಜೇಂದ್ರಗಡದವರು ನರೇಗಲ್ ದಾಟಿ ಐವತ್ತು ಕಿಲೋಮೀಟರಿಗೂ ಮೇಲೆ ಬಸ್ಸಿನಲ್ಲಿ ಗದಗಕ್ಕೆ ಬಂದು, ಅಲ್ಲಿಂದ ಮುಂದಿನ ಮಾತು. ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ಆಸ್ಪತ್ರೆ, ಎಂ.ಎಂ. ಜೋಶಿ ಕಣ್ಣಿನ ಆಸ್ಪತ್ರೆ, ನವನಗರದ ಕ್ಯಾನ್ಸರ್ ಆಸ್ಪತ್ರೆ ಇವೆ. ಆದರೆ ಕಣ್ಣಿನ ಶಸ್ತ್ರಚಿಕಿತ್ಸಕ, ಮಕ್ಕಳ ಕ್ಯಾನ್ಸರ್ ತಜ್ಞ, ವಿಕಿರಣ ತಜ್ಞ, ಪುಟ್ಟ ಮಕ್ಕಳಿಗೆ ಮತ್ತೆ ಮತ್ತೆ ಅರಿವಳಿಕೆ ಕೊಡಬಲ್ಲವರು, ಇಷ್ಟೂ ಜನ ಒಂದು ಮಗುವಿನ ಬಗ್ಗೆ ಕೂತು ಮಾತಾಡಬೇಕಾದ ರೋಗ ಇದು. ಆದ್ದರಿಂದ ದಾರಿ ಕೊನೆಗೆ ಬೆಂಗಳೂರಿನ ಕಿದ್ವಾಯಿ, ಮಿಂಟೋ, ನಾರಾಯಣ ನೇತ್ರಾಲಯದಂಥ ಕಡೆಗೆ ಹೊರಳುತ್ತದೆ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ರಕ್ಷಣೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿರಬೇಕು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಉಂಟು. ಯಾವ ಯೋಜನೆಯೂ ಕೊಡದ್ದು ಕಳೆದುಹೋದ ಕೂಲಿ ಮತ್ತು ಊರಲ್ಲಿ ಬಿಟ್ಟುಬಂದ ಇನ್ನೆರಡು ಮಕ್ಕಳಿಗೆ ಅನ್ನ ಹಾಕುವವರು.

ಹಣಕ್ಕಿಂತ ಗಟ್ಟಿಯಾದ ಗೋಡೆ ಇನ್ನೊಂದಿದೆ. ‘ಕಣ್ಣು ತೆಗಿಸಿದ್ರ ನಾಳೆ ಹುಡುಗಿಗೆ ಗಂಡು ಸಿಗ್ತಾನೇನ್ರಿ?’ ಈ ಪ್ರಶ್ನೆಗೆ ಅಂಕಿಸಂಖ್ಯೆಯಲ್ಲಿ ಉತ್ತರ ಇಲ್ಲ. ಒಪ್ಪದೆ ಮಗುವನ್ನು ಎತ್ತಿಕೊಂಡು ಹೋದವರು ನಾಟಿ ಔಷಧಿ, ಹರಕೆ, ಇನ್ನೊಂದು ಊರಿನ ಡಾಕ್ಟರು ಎಂದು ಸುತ್ತಿ ಆರು ತಿಂಗಳಿಗೆ ಮರಳುತ್ತಾರೆ, ಆಗ ಕಣ್ಣು ಹೊರಗೆ ಬಂದಿರುತ್ತದೆ. ನನ್ನ ಅನಿಸಿಕೆಯಲ್ಲಿ ಇಲ್ಲಿ ವೈದ್ಯರ ವಿವರಣೆಗಿಂತ ಕೆಲಸಕ್ಕೆ ಬರುವುದು ಕೃತಕ ಕಣ್ಣು ಹಾಕಿಕೊಂಡು ಶಾಲೆಗೆ ಹೋಗುವ ಇನ್ನೊಂದು ಮಗುವನ್ನು, ಅದರ ಅವ್ವನನ್ನು ಎದುರಿಗೆ ಕೂರಿಸುವುದು. ಯಾವ ಕಣ್ಣು ಕೃತಕದ್ದು ಎಂದು ಹೊಸಬರಿಗೆ ಗೊತ್ತೇ ಆಗದಿರುವುದು ಎಷ್ಟೋ ಸಲ ಉಂಟು.

ಹಾಗಾದರೆ ಊರಲ್ಲಿ ಏನು ಮಾಡಬಹುದು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅವರ ಮೊದಲ ಪಟ್ಟಿಯಲ್ಲಿ ಮೂವತ್ತು ತೊಂದರೆಗಳಿದ್ದವು. ಹುಟ್ಟುಪೊರೆ ಇತ್ತು, ದೃಷ್ಟಿದೋಷ ಇತ್ತು. ಕಣ್ಣಿನ ಕ್ಯಾನ್ಸರು ಆ ಮೂವತ್ತರಲ್ಲಿ ಇರಲಿಲ್ಲ. ಅಂಗನವಾಡಿಗೆ ದಿನವೂ ಬರುವುದು ಮೂರು ದಾಟಿದ ಮಕ್ಕಳು. ರೆಟಿನೊಬ್ಲಾಸ್ಟೋಮಾ ಕಾಣಿಸುವುದು ಎರಡೂ ಕಣ್ಣಿಗೆ ಬಂದಾಗ ಒಂದರ ಸುಮಾರಿಗೆ, ಒಂದು ಕಣ್ಣಿಗಾದರೆ ಎರಡರ ಸುಮಾರಿಗೆ. ಆ ವಯಸ್ಸಿನಲ್ಲಿ ಹೆಚ್ಚಿನ ಮಕ್ಕಳು ಬರುವ ಜಾಗ ಒಂದೇ, ಲಸಿಕೆ ಹಾಕುವಲ್ಲಿ. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳಿನೊಳಗೆ ಬೂಸ್ಟರ್. ಆ ಎರಡು ಹೊತ್ತಿನಲ್ಲಿ ಕೋಣೆ ಕತ್ತಲು ಮಾಡಿ, ಆಫ್ತಾಲ್ಮೊಸ್ಕೋಪಿನ ಬೆಳಕನ್ನು ತೋಳಿನಳತೆ ದೂರದಿಂದ ಎರಡೂ ಕಣ್ಣಿಗೆ ಬಿಟ್ಟು, ಎರಡರಲ್ಲೂ ಒಂದೇ ತೆರನ ಕೆಂಪು ಹೊಳಪು ಬರುತ್ತದೆಯೇ ನೋಡಲು ಒಂದು ನಿಮಿಷ ಸಾಕು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಅಕ್ಷಿಪಟವನ್ನು ಕ್ಯಾಮೆರಾದಲ್ಲಿ ತೆಗೆದು ಬೆಂಗಳೂರಿಗೆ ಕಳಿಸುವ ಕಿಡ್ರಾಪ್ ಯೋಜನೆಯನ್ನು ನಾರಾಯಣ ನೇತ್ರಾಲಯ 2008ರಿಂದ ನಡೆಸುತ್ತಿದೆ. ತಂತ್ರಜ್ಞರು ಜಿಲ್ಲೆಗಳಿಗೆ ಹೋಗಿ ಕೂಸಿನ ಕಣ್ಣು ನೋಡಬಲ್ಲರು ಎಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಆದರೆ ಆ ಯೋಜನೆ ಇರುವುದು ಅವಧಿಗೆ ಮುಂಚೆ ಹುಟ್ಟಿದವರಿಗೆ, ತಿಂಗಳು ತುಂಬಿ ಹುಟ್ಟಿದವರಿಗಲ್ಲ.

ಒಂದು ಮಗುವಿನ ಆಪರೇಶನ್ ಆದ ಮನೆಯಲ್ಲಿ ಕೆಲಸ ಇನ್ನೂ ಬಾಕಿ ಇರುತ್ತದೆ. ಸೋದರಮಾವನನ್ನು ಮದುವೆಯಾದದ್ದಕ್ಕೆ ಹೀಗಾಯಿತು ಎಂದು ಸೊಸೆಯನ್ನು ದೂರುವವರಿದ್ದಾರೆ. ಈ ರೋಗಕ್ಕೂ ರಕ್ತಸಂಬಂಧದ ಮದುವೆಗೂ ಅಂಥ ನಂಟಿಲ್ಲ. 13ನೇ ವರ್ಣತಂತುವಿನ ಆರ್‌ಬಿ1 ಎಂಬ ಒಂದು ವಂಶವಾಹಿ ಕೆಡುವುದರಿಂದ ಬರುವುದು ಇದು. ಬಹುಪಾಲು ಮನೆಗಳಲ್ಲಿ ಅದು ಮೊದಲ ಸಲ ಕಾಣುವುದು ಆ ಮಗುವಿನಲ್ಲೇ. ಆದರೆ ಎರಡೂ ಕಣ್ಣಿಗೆ ಬಂದಿದ್ದರೆ, ಕೆಲವು ಸಲ ಒಂದಕ್ಕೇ ಬಂದಿದ್ದರೂ, ದೋಷ ಹುಟ್ಟಿನಿಂದಲೇ ಮೈತುಂಬ ಇರುತ್ತದೆ, ಆ ಮಗು ಬೆಳೆದು ತಾಯಿಯೋ ತಂದೆಯೋ ಆದಾಗ ಪ್ರತಿ ಕೂಸಿಗೂ ಅರ್ಧಕ್ಕರ್ಧ ಸಂಭವ ಇರುತ್ತದೆ. ವಂಶವಾಹಿ ಪರೀಕ್ಷೆ ಆಗುವವರೆಗೆ ಅಣ್ಣತಮ್ಮ ಅಕ್ಕತಂಗಿಯರ ಕಣ್ಣನ್ನೂ ಅರಿವಳಿಕೆಯಲ್ಲಿ ನೋಡುತ್ತಿರಬೇಕು. ಮುಂದೆ ಆ ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿದರೆ ಮೊದಲ ಪರೀಕ್ಷೆ ಹುಟ್ಟಿದ ಕೆಲವು ದಿನಗಳಲ್ಲೇ ಆಗಬೇಕು. ಬೆಂಗಳೂರಿನ ವೈದ್ಯರು ಡಿಸ್‌ಚಾರ್ಜ್ ಹಾಳೆಯಲ್ಲಿ ಇದನ್ನು ಬರೆದಿರುತ್ತಾರೆ, ಇಂಗ್ಲಿಷಿನಲ್ಲಿ. ಅದೇ ಮಾತನ್ನು ರೋಣದ ಎ.ಎನ್.ಎಂ. ಒಬ್ಬರು ಆ ತಾಯಿಯ ಮುಂದಿನ ತಾಯಿ ಕಾರ್ಡಿನಲ್ಲಿ, ಲಸಿಕೆಯ ತಾರೀಖುಗಳ ಪಕ್ಕದಲ್ಲಿ, ಕನ್ನಡದಲ್ಲಿ ಬರೆದಿಡಬಹುದು: ಕೂಸು ಹುಟ್ಟಿದ ವಾರದೊಳಗೆ ಕಣ್ಣಿನ ತಜ್ಞರಿಗೆ ತೋರಿಸುವುದು.